ಜಗಳದ ಬಾಟಲಿ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಐವತ್ತು ನಿಮಿಷಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕೆಂಪು ಕೈಗವಸು ಹಾಕಿಕೊಂಡಿದ್ದಾಳೆ ಎಂದೇ ಬಾಗಿಲಲ್ಲಿದ್ದ ಪೇದೆ ತಿಳಿದ. ಮೊಣಕೈವರೆಗೂ ಇದ್ದದ್ದು ರಕ್ತ. ಆಕೆ ಅಳುತ್ತಿರಲಿಲ್ಲ. ನೇರವಾಗಿ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ಬಂದು ನಿಂತಳು.

"ಒಂದು ಕಂಪ್ಲೇಂಟ್ ಕೊಡಬೇಕಿತ್ತು. ನನ್ನ ಕೈಲಿ ಪೆನ್ ನಿಲ್ತಿಲ್ಲ, ಯಾರಾದ್ರೂ ಬರ್ಕೊಳ್ಳಿ."

"ಏನಾಯ್ತಮ್ಮ?"

"ನನ್ನ ಗಂಡನ್ನ ಹೊಡೆದು ಹಾಕಿದ್ದಾರೆ. ವರ್ಕ್‌ಶಾಪಲ್ಲಿ. ಬಾಯಿ... ಬಾಯಿ ಇಲ್ಲ ಮೇಡಂ."

ಇನ್ಸ್‌ಪೆಕ್ಟರ್ ತಾನೇ ಎದ್ದು ಆಕೆಯನ್ನು ಕುರ್ಚಿಗೆ ಕೂರಿಸಿದಳು. ಹದಿನೆಂಟು ವರ್ಷದ ನೌಕರಿಯಲ್ಲಿ ಕಣ್ಣೀರು ಸುರಿಸುತ್ತ ಬಂದವರನ್ನು ಎಷ್ಟೋ ನೋಡಿದ್ದಳು. ಹೀಗೆ ಒಣಗಿ ಬಂದವರನ್ನು ಕಂಡರೆ ಅವಳಿಗೆ ಇಂದಿಗೂ ಹೆದರಿಕೆ.

ಹೆಡ್ ಕಾನ್‌ಸ್ಟೆಬಲ್ ದೂರು ಬರೆದುಕೊಂಡ. ಠಾಣೆಯಲ್ಲಿ ಅವನ ಹೆಸರೇ ಗಡಿಯಾರ. ಸೀನು ಬಂದರೂ ಎಷ್ಟು ಗಂಟೆಗೆ ಬಂತೆಂದು ಬರೆದಿಡುವ ಆಸಾಮಿ. ನಾಲ್ಕು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಸತ್ತವರು ವೇಗದ ಕಾರುಗಳ ಇಂಜಿನ್ ಟ್ಯೂನ್ ಮಾಡುತ್ತಿದ್ದವರು, ವಯಸ್ಸು ಐವತ್ತೊಂದು. ಆ ಕೆಲಸ ಕಲಿತವರೆಲ್ಲ ಅವರ ಕೈಕೆಳಗೇ ಕಲಿತವರಾದ್ದರಿಂದ ಊರಿಗೆಲ್ಲ ಅವರು ಮೇಷ್ಟ್ರು.

ವರ್ಕ್‌ಶಾಪಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಇಂಜಿನ್ನಿನ ಬಲ ಅಳೆಯುವ ಉರುಳೆಗಳ ಮೇಲೆ ಒಂದು ಕಾರನ್ನು ಕಟ್ಟಿ ನಿಲ್ಲಿಸಿತ್ತು. ಅದರ ಮುಂಚಕ್ರದ ಹತ್ತಿರ ಮೇಷ್ಟ್ರು ಅಂಗಾತ ಬಿದ್ದಿದ್ದರು. ಮೂಗಿನಿಂದ ಮೇಲಕ್ಕೆ ಮುಖ ಹಾಗೇ ಇತ್ತು, ಕಣ್ಣು ತೆರೆದಿದ್ದವು. ಕೆಳಗೆ ಮಾತ್ರ ದವಡೆ, ಹಲ್ಲು, ತುಟಿ ಎಂದು ಬೇರೆ ಮಾಡಿ ಹೇಳಲು ಏನೂ ಉಳಿದಿರಲಿಲ್ಲ. ಎರಡು ಹಲ್ಲು ಮೂರು ಮಾರು ದೂರದ ಗೋಡೆಯ ಬುಡದಲ್ಲಿ ಸಿಕ್ಕವು. ಪಂಚನಾಮೆಗೆ ಸಾಕ್ಷಿಯಾಗಿ ಬಂದಿದ್ದ ಪಕ್ಕದ ಟೈರ್ ಅಂಗಡಿಯವನು ಹೊರಗೆ ಓಡಿ ಹೋಗಿ ವಾಂತಿ ಮಾಡಿಕೊಂಡ. ಗಡಿಯಾರ ಅದರ ಸಮಯ ಬರೆಯಲಿಲ್ಲ.

"ಕೂಗು ಕೇಳಿಸ್ಲಿಲ್ವಾ?"

"ಎರಡೂವರೆಯಿಂದ ಗಾಳಿ ಮಿಷನ್ ಓಡ್ತಿತ್ತು ಮೇಡಂ. ಪಕ್ಕದಲ್ಲಿ ಆನೆ ಘೀಳಿಟ್ರೂ ಕೇಳಿಸಲ್ಲ," ಎಂದ ಟೈರ್ ಅಂಗಡಿಯವನು, ಬಾಯಿ ಒರೆಸಿಕೊಳ್ಳುತ್ತ.

ಪಂಚನಾಮೆ ನಾಲ್ಕು ನಲವತ್ತಕ್ಕೆ ಶುರುವಾಯಿತು. ಒಂದು ಗೋಡೆಯ ತುಂಬ ಹತ್ಯಾರಗಳು ಮೊಳೆಗೆ ತೂಗಿದ್ದವು. ಪ್ರತಿಯೊಂದರ ಹಿಂದೆ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು, ಯಾವುದು ಕಾಣೆಯಾದರೂ ತಕ್ಷಣ ಗೊತ್ತಾಗಲೆಂದು. ಒಂದು ಆಕಾರ ಮಾತ್ರ ಖಾಲಿ. ಮೊಳಕ್ಕಿಂತ ಉದ್ದದ ಟಾರ್ಕ್ ವ್ರೆಂಚ್, ಅಂದರೆ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಮಾಡುವ ಉಕ್ಕಿನ ಪಾನಾ, ಇರಲಿಲ್ಲ.

ಇನ್ನೊಂದು ಗೋಡೆಗೆ ಮರದ ಗೂಡುಗಳು. ಒಂದೊಂದರಲ್ಲಿ ಒಂದೊಂದು ಗಾಜಿನ ಸಣ್ಣ ಬಾಟಲಿ, ಬಾಟಲಿಯೊಳಗೆ ಪೆಟ್ರೋಲ್, ಹೊರಗೆ ಚೀಟಿ. ಪೆಟ್ರೋಲ್ ಎಲ್ಲದರಲ್ಲೂ ಹಸಿರು ಬಣ್ಣದ್ದು. ಒಂದು ಗೂಡು ಖಾಲಿ, ಅದರ ಅಂಚಿಗೆ ರಕ್ತದ ಅಂಗೈ ಗುರುತು. ಆ ಬಾಟಲಿ ನೆಲದ ಮೇಲೆ ನುಚ್ಚುನೂರಾಗಿತ್ತು. ಪೆಟ್ರೋಲ್ ಆರಿ ಹೋಗಿತ್ತು, ಚೀಟಿ ಉಳಿದಿತ್ತು. ಅದರಲ್ಲಿ ಒಂದು ಕಾರಿನ ನಂಬರು, ಮೂರು ತಿಂಗಳ ಹಿಂದಿನ ತಾರೀಖು.

ಬೆರಳಚ್ಚಿನವನು ಆ ಅಂಗೈ ಗುರುತಿನ ಮುಂದೆ ಬಹಳ ಹೊತ್ತು ಕೂತ. "ಕೈಗವಸಲ್ಲ ಮೇಡಂ, ಚರ್ಮವೇ. ಆದ್ರೆ ರೇಖೆ ಒಂದೂ ಇಲ್ಲ. ಸುಟ್ಟ ಕೈ."

ಮೇಜಿನ ಮೇಲೆ ಕಾರು ಓಡಿಸುವವರ ಒಂದು ಜೊತೆ ಚರ್ಮದ ಕೈಗವಸು ನೀಟಾಗಿ ಮಡಿಸಿಟ್ಟಿತ್ತು. ಮೇಷ್ಟ್ರ ಅಗಲವಾದ ಕೈಗೆ ಅದು ಹಿಡಿಸುವಂತಿರಲಿಲ್ಲ. ಅದನ್ನೂ ವಶಕ್ಕೆ ತೆಗೆದುಕೊಂಡರು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶವಾಗಾರದ ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: "ಬಾಯಿಗೆ ಒಂಬತ್ತು ಏಟು, ಚೌಕ ತಲೆಯ ಉಕ್ಕಿನ ಹತ್ಯಾರ. ಆದ್ರೆ ಬಲಗೈ ಮುರಿದಿರೋದು ಬೇರೇದರಿಂದ, ದುಂಡು ಪೈಪು. ಅದು ಮೊದಲು ಬಿದ್ದ ಏಟು. ಕೈ ಊದಿಕೊಳ್ಳೋಷ್ಟು ಹೊತ್ತು ಬದುಕಿದ್ರು. ಯಾರೋ ಬಟ್ಟೆ ಸುತ್ತಿದಾರೆ ಬೇರೆ."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ ಅಂದ್ಕೊಳ್ಳಿ."

ಕೈ ಮುರಿದವನು ಇಪ್ಪತ್ತು ನಿಮಿಷ ಅಲ್ಲೇ ಇದ್ದ. ಆಮೇಲೆ ಬಾಯಿಗೇ ಹೊಡೆದ, ಬಾಯಿಗೊಂದಕ್ಕೇ. ತಲೆಗೆ ಒಂದೇಟು ಹಾಕಿದ್ದರೆ ಮುಗಿದು ಹೋಗುತ್ತಿತ್ತು. ಅಲ್ಲಿ ಏನೋ ಮಾತಾಗಿದೆ, ಆ ಮಾತೇ ಕೊಲೆಗೆ ಕಾರಣ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಕಳ್ಳನಾದರೆ ಕಂಪ್ಯೂಟರ್ ಹೊತ್ತೊಯ್ಯುತ್ತಿದ್ದ, ಅದು ಮೇಜಿನ ಮೇಲೇ ಇತ್ತು.

ಹನ್ನೊಂದೂಕಾಲಿಗೆ ಮೇಷ್ಟ್ರ ಹೆಂಡತಿಯನ್ನು ವರ್ಕ್‌ಶಾಪಿಗೆ ಕರೆಸಿದರು. ಇಂಜಿನ್ನಿಗೆ ಕಂಪ್ಯೂಟರಿನಿಂದ ಕಿಡಿ, ಗಾಳಿ, ಪೆಟ್ರೋಲಿನ ಅಳತೆ ಬರೆಯುವ ಕೆಲಸ ಆಕೆಯದೇ. ಗಂಡನ ಕಿವಿ, ಹೆಂಡತಿಯ ಲೆಕ್ಕ, ಹೀಗೆ ಇಪ್ಪತ್ತಾರು ವರ್ಷ ನಡೆದ ಸಂಸಾರ. ಇನ್ಸ್‌ಪೆಕ್ಟರ್ ಚೀಟಿ ತೋರಿಸಿದಳು.

"ಇದು ನಮ್ಮ ಹತ್ರ ಬರ್ತಿದ್ದ ಒಬ್ಬ ಹುಡುಗನ ಕಾರಿಂದು," ಎಂದಳು ಆಕೆ. "ಮೂರು ತಿಂಗಳ ಹಿಂದೆ ರೇಸಲ್ಲಿ ಇಂಜಿನ್ ಒಡೆದು ಬೆಂಕಿ ಬಿದ್ದು ತೀರಿಕೊಂಡ. ಇಪ್ಪತ್ನಾಲ್ಕು ವರ್ಷ."

"ಇಂಜಿನ್ ಯಾಕೆ ಒಡೀತು?"

"ನಮ್ಮವರು ಎಲ್ಲರ ಮುಂದೆ ತನ್ನ ಟ್ಯೂನಿಂಗ್ ತಪ್ಪು ಅಂದ್ರು. ಅದು ಸುಳ್ಳು ಮೇಡಂ. ನಾನೇ ಬರೆದ ಅಳತೆ, ಕೂದಲೆಳೆ ತಪ್ಪಿರಲಿಲ್ಲ. ಆ ಸುಳ್ಳಿಗೆ ನಾನು ಮೂರು ದಿನ ಮಾತು ಬಿಟ್ಟೆ. ಗಿರಾಕಿಗಳೂ ಬಿಟ್ರು. ಬೀದೀಲಿ ಹೋದ್ರೆ ಕೊಲೆಗಾರ ಅಂತಿದ್ರು. ಈಗ ಹೀಗೇ ಹೋಗ್ಬಿಟ್ರೆ ಕೊಲೆಗಾರನಾಗೇ ಹೋದಹಾಗೆ. ನನಗೆ ಅದೊಂದು ಮಾತ್ರ ಆಗಬಾರ್ದು."

"ಯಾಕೆ ಸುಳ್ಳು ಹೇಳಿದ್ರು?"

"ಕೇಳಿದ್ದಕ್ಕೆ, 'ಸುಮ್ನಿರು, ಆ ಮನೇಲಿ ಇನ್ನೊಂದು ಹೆಣ ಬೇಡ' ಅಂದ್ರು. ಅಷ್ಟೇ."

ಆಕೆ ಕಂಪ್ಯೂಟರಿನಲ್ಲಿ, ಓಟದ ವೇಳೆ ಕಾರಿನಿಂದ ಬಂದು ಸೇರಿದ್ದ ಆ ದಿನದ ದಾಖಲೆ ತೆರೆದಳು. ಕಾರಿಗೆ ಎರಡು ಥರದ ಅಳತೆ ತುಂಬಿದ್ದರಂತೆ. ಸ್ಟೀರಿಂಗ್ ಕೆಳಗೆ ಒಂದು ಸ್ವಿಚ್. ಒಂದರಲ್ಲಿಟ್ಟರೆ ಎಲ್ಲ ಬಂಕಿನಲ್ಲೂ ಸಿಗುವ ತೊಂಬತ್ತೊಂದು ಆಕ್ಟೇನ್ ಪೆಟ್ರೋಲಿಗೆ ಹೊಂದುವ ಸೌಮ್ಯ ಓಟ. ಎರಡರಲ್ಲಿಟ್ಟರೆ ಕಿಡಿ ಬೇಗ ಹಾರುತ್ತದೆ, ಗಾಳಿಯ ಒತ್ತಡ ಏರುತ್ತದೆ, ಗಾಡಿ ಹುಚ್ಚು ಕುದುರೆಯಾಗುತ್ತದೆ. ಅದಕ್ಕೆ ನೂರು ಆಕ್ಟೇನಿನದೇ ಬೇಕು. ಗುರುತು ಸಿಗಲೆಂದು ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ.

"ಆಕ್ಟೇನ್ ಅಂದ್ರೆ ತಾಳ್ಮೆ ಅಂದ್ಕೊಳ್ಳಿ ಮೇಡಂ. ಪಿಸ್ಟನ್ ಮೇಲೆ ಬಂದು ಅಮುಕುವಾಗ ಪೆಟ್ರೋಲ್ ತಡ್ಕೊಂಡಿರಬೇಕು, ಕಿಡಿ ಬಿದ್ಮೇಲೆ ಉರೀಬೇಕು. ತಾಳ್ಮೆ ಕಡಿಮೆ ಇರೋದು ತನ್ನಷ್ಟಕ್ಕೆ ತಾನು ಸಿಡಿಯುತ್ತೆ. ಆಗ ಒಳಗೆ ಸುತ್ತಿಗೇಲಿ ಹೊಡೆದ ಹಾಗೆ."

ಇನ್ಸ್‌ಪೆಕ್ಟರಿಗೆ ಆ ಸದ್ದು ಗೊತ್ತಿತ್ತು. ಅವಳು ಲಾರಿ ಮೆಕ್ಯಾನಿಕ್ಕಿನ ಮಗಳು. ಕೆಟ್ಟ ಪೆಟ್ರೋಲ್ ಕುಡಿದ ಕಾರು ಏರಿನಲ್ಲಿ ಟಕಟಕ ಎಂದರೆ ಅವಳಪ್ಪ, "ಇಂಜಿನ್ ಹಲ್ಲು ಕಡೀತಿದೆ, ಕಾಲು ತೆಗಿ" ಎಂದು ಬೈಯುತ್ತಿದ್ದ.

ಪರದೆಯ ಮೇಲೆ ಎಂಟು ಸೆಕೆಂಡಿನಲ್ಲಿ ನೂರಾ ಹದಿನಾಲ್ಕು ಸುತ್ತಿಗೆ ಏಟುಗಳ ಗುರುತಿದ್ದವು. ಒಂಬತ್ತನೆಯ ಸೆಕೆಂಡಿಗೆ ಪಿಸ್ಟನ್ನಿನ ಕಡ್ಡಿ ಮುರಿದು ಇಂಜಿನ್ನಿನ ಹೊಟ್ಟೆ ಸೀಳಿ ಹೊರಬಂದಿತ್ತು. ಎಣ್ಣೆ ಚಕ್ರದಡಿ ಹರಿದು, ಕೆಂಪಗೆ ಕಾದ ಹೊಗೆ ಕೊಳವೆಯ ಮೇಲೂ ಹರಿದು, ಕಾರು ಉರಿಯುತ್ತಲೇ ಗೋಡೆಗೆ ಬಡಿದಿತ್ತು. ಸ್ವಿಚ್ ಎರಡರಲ್ಲೇ ಇತ್ತು.

"ಪೆಟ್ರೋಲ್ ಹಸಿರೇ ಇತ್ತಾ?"

"ಅದೊಂದೇ ದಿನ ನಮ್ಮವರು ಓಟಕ್ಕೆ ಮುಂಚೆ ನೋಡ್ಲಿಲ್ಲ. ಬಾಟಲಿಗೆ ಹಿಡಿದು ನೋಡದೆ ಗಾಡಿ ಬಿಡೋರೇ ಅಲ್ಲ. ಆವತ್ತು ತಡ ಆಗಿತ್ತು. ಆ ಹುಡುಗನ ಮನೆಯವರೇ ತಂದಿದ್ದು, ಕ್ಯಾನಿಂದ ಸೀದಾ ಸುರಿದ್ರು. ಆಮೇಲೆ ನಮ್ಮವರು ಕ್ಯಾನಿನ ತಳದಲ್ಲಿ ಉಳಿದದ್ದನ್ನ ತಂದು ಬಾಟಲಿಗೆ ಹಾಕ್ಕೊಂಡ್ರು. ನನಗೆ ತೋರಿಸ್ಲಿಲ್ಲ, ಕಾಗದ ಸುತ್ತಿಟ್ಟಿದ್ರು."

"ಅದನ್ನೇ ಒಡೆದಿದ್ದಾನೆ. ನೋಡೋಕೆ ಏನೂ ಉಳಿದಿಲ್ಲ."

ಆಕೆ ಮೊದಲ ಸಲ ತಲೆಯೆತ್ತಿದಳು. "ಇನ್ನೊಂದಿರುತ್ತೆ. ಯಾವಾಗ್ಲೂ ಎರಡು ಬಾಟಲಿ. 'ಒಂದು ನನಗೆ, ಒಂದು ಜಗಳಕ್ಕೆ' ಅಂತಿದ್ರು. ಗಿರಾಕಿ ಜಗಳಕ್ಕೆ ಬಂದ್ರೆ ತೋರಿಸೋಕೆ."

ಕಬ್ಬಿಣದ ಕಪಾಟಿನ ತಳದಲ್ಲಿ ಮರಳು ತುಂಬಿದ ಡಬ್ಬಿಯಿತ್ತು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅದರೊಳಗಿಂದ ಅದೇ ನಂಬರಿನ, ಅದೇ ತಾರೀಖಿನ ಬಾಟಲಿ ಹೊರಬಂತು. ಇನ್ಸ್‌ಪೆಕ್ಟರ್ ಕಾಗದ ಬಿಚ್ಚಿ ಬೆಳಕಿಗೆ ಹಿಡಿದಳು.

ಹಳದಿ.

ಮೇಷ್ಟ್ರ ಹೆಂಡತಿ ಅಲ್ಲೇ ನೆಲದ ಮೇಲೆ ಕೂತು, ನಿನ್ನೆಯಿಂದ ಅಳದೇ ಇದ್ದದ್ದನ್ನೆಲ್ಲ ಅತ್ತಳು.

ಸತ್ತ ಹುಡುಗನ ತಾಯಿಯ ಮನೆ ತಲುಪಿದಾಗ ಒಂದೂವರೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಹೆಲ್ಮೆಟ್ ಹಿಡಿದು ನಗುತ್ತಿರುವ ಹುಡುಗನ ಫೋಟೋ. ತಾಯಿ ಬಟ್ಟೆ ಹೊಲಿಯುವವಳು. ಮಿಷನ್ ನಿಲ್ಲಿಸಿ, ಮೇಷ್ಟ್ರ ಸಾವಿನ ಸುದ್ದಿ ಕೇಳಿ, ದಾರ ಕಚ್ಚುತ್ತಿದ್ದ ಬಾಯಿ ಹಾಗೇ ಬಿಟ್ಟಳು.

"ನಿನ್ನೆ ಬೆಳಿಗ್ಗೆ ತಾನೇ ಬಂದಿದ್ರಲ್ಲ! ಪ್ರತಿ ಭಾನುವಾರ ಬರೋರು. ಮೊದಲನೇ ಸಲ ಬಂದಾಗ ಕಾಲಿಗೆ ಬಿದ್ದು 'ನನ್ನ ತಪ್ಪು ತಾಯಿ' ಅಂದ್ರು. ಬೈದೆ, ಬಾಗಿಲು ಹಾಕ್ದೆ. ಮುಂದಿನ ವಾರ ಮತ್ತೆ ಬಂದ್ರು. ಎಷ್ಟು ದಿನ ಅಂತ ದ್ವೇಷ ಮಾಡೋದಮ್ಮ? ನಿನ್ನೆ ಚಿಕ್ಕವನ ಕೈಗವಸು ಕೊಟ್ಟು, ಇಟ್ಕೊಳ್ಳಿ ಅಂದೆ."

"ಅದನ್ನ ಯಾರಾದ್ರೂ ನೋಡಿದ್ರಾ?"

"ದೊಡ್ಡವನು ಇದ್ದ. ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಅವನಿಗೆ ತಮ್ಮ ಅಂದ್ರೆ ಪ್ರಾಣ. ಆವತ್ತು ಬೆಂಕಿಗೆ ಬರಿಗೈ ಹಾಕಿ ಬಾಗಿಲು ಎಳೆದನಲ್ಲ, ಅಂಗೈ ಎರಡೂ ಬೆಂದು ಹೋಯ್ತು."

ಇನ್ಸ್‌ಪೆಕ್ಟರ್ ಗಡಿಯಾರನ ಕಡೆ ನೋಡಲಿಲ್ಲ. ನೋಡಿದ್ದರೆ ಆ ತಾಯಿಗೆ ತಿಳಿದು ಹೋಗುತ್ತಿತ್ತು.

"ರೇಸಿನ ದಿನ ಪೆಟ್ರೋಲ್ ತಂದವರು ಯಾರಮ್ಮ?"

"ದೊಡ್ಡವನೇ. ಚಿಕ್ಕವನು ತಡ ಆಯ್ತು, ನನ್ನ ಸರದಿ ಹೋಗುತ್ತೆ ಅಂತ ಕುಣೀತಿದ್ದ. ಇವನು ಕ್ಯಾನ್ ಎತ್ಕೊಂಡು ಹೋದೋನು ಅರ್ಧ ಗಂಟೇಲಿ ಬಂದ ನೋಡಿ! ಯಾವ ಕೆಲಸ ಹೇಳಿದ್ರೂ ಹಾಗೇ, ಗಾಳಿ ಇದ್ದಹಾಗೆ ನನ್ನ ಮಗ."

ಹೇಳುವಾಗ ತಾಯಿಯ ಮುಖದಲ್ಲಿ ಹೆಮ್ಮೆಯಿತ್ತು. ಹಸಿರು ಪೆಟ್ರೋಲ್ ಮಾರುವ ಬಂಕು ಊರಾಚೆ ಹೆದ್ದಾರಿಯಲ್ಲಿ ಒಂದೇ ಒಂದು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಗಡಿಯಾರ ಪುಸ್ತಕ ತೆರೆದು "ಅರ್ಧ ಗಂಟೆ" ಎಂದು ಬರೆದುಕೊಂಡ.

ದೊಡ್ಡವನು ಗುಜರಿ ಅಂಗಳದಲ್ಲಿ ಗ್ಯಾಸಿನ ಉರಿಯಿಂದ ಕಬ್ಬಿಣ ಕತ್ತರಿಸುವವನು. ಎರಡು ನಲವತ್ತಕ್ಕೆ ಜೀಪು ಒಳಗೆ ಬಂದಾಗ ಅವನು ಒಂದು ಲಾರಿಯ ಚಾಸಿ ಸೀಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಖಾಕಿ ಕಂಡದ್ದೇ ತಡ, ಉರಿಯುವ ಕೊಳವೆಯನ್ನೇ ಬೀಸಿದ. ನೀಲಿ ಉರಿ ಗಡಿಯಾರನ ಮುಂಗೈ ಸವರಿತು. ಅಂಗಿಯ ತೋಳು ಚರ್ಮಕ್ಕೆ ಅಂಟಿ ಹೊಗೆಯೆದ್ದಿತು, ಅವನು ಕಿರುಚಿ ಮಣ್ಣಿಗೆ ಬಿದ್ದ. ಇನ್ಸ್‌ಪೆಕ್ಟರ್ ಸಿಲಿಂಡರಿನ ಕಡೆ ಓಡಿ ಕೀಲಿ ತಿರುಗಿಸಿದಳು. ಉರಿ ಆರಿತು. ಅಷ್ಟರಲ್ಲಿ ಅವನು ಸುತ್ತಿಗೆ ಎತ್ತಿದ್ದ. ಮೊದಲ ಏಟು ಅವಳ ಎಡ ಹೆಗಲಿಗೆ ಬಿತ್ತು, ಒಳಗೆ ಮೂಳೆ ಲಟ್ಟೆಂದದ್ದು ಅವಳಿಗೇ ಕೇಳಿಸಿತು. ಎರಡನೆಯದು ಬೀಳುವ ಮೊದಲು ಅವಳ ಲಾಠಿ ಅವನ ಮಂಡಿಗೆ ಬಡಿಯಿತು, ಮತ್ತೆ ಅದೇ ಮಂಡಿಗೆ, ಮತ್ತೆ ಮಣಿಕಟ್ಟಿಗೆ. ಅವನು ಮೊಣಕಾಲೂರಿದ. ಆದರೂ ಅವಳ ಬೂಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಇಬ್ಬರು ಪೇದೆಗಳು ಮೇಲೆ ಬಿದ್ದು ಬೇಡಿ ಹಾಕುವಾಗ ಅವನ ಅಂಗೈ ಕಂಡಿತು. ಬೆಂದು ಮಾಯ್ದ ಚರ್ಮ, ನುಣ್ಣಗೆ, ಒಂದು ರೇಖೆಯೂ ಇಲ್ಲದೆ.

ಗುಜರಿ ರಾಶಿಯಲ್ಲಿ ಟಾರ್ಕ್ ವ್ರೆಂಚ್ ಮೂರು ತುಂಡಾಗಿ ಸಿಕ್ಕಿತು. ತಲೆಯ ತುಂಡಿನಲ್ಲಿ ಮೇಷ್ಟ್ರ ಹತ್ಯಾರಗಳೆಲ್ಲದರ ಮೇಲಿರುವ ಮೂರು ಚುಕ್ಕೆಯ ಗುರುತಿತ್ತು. ಮೂರು ಗಂಟೆ ಮೂವತ್ತೈದಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಗಡಿಯಾರ ಆಸ್ಪತ್ರೆಗೆ ಹೋಗುವ ಮುನ್ನ, "ನನಗೆ ಸುಟ್ಟಿದ್ದು ಎರಡು ನಲವತ್ತೆರಡಕ್ಕೆ, ಮರೀಬೇಡ್ರೋ," ಎಂದ. ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಆದರೂ ನಕ್ಕರು.

ಸಂಜೆ ಐದೂವರೆಗೆ ವಿಚಾರಣೆ. ಇನ್ಸ್‌ಪೆಕ್ಟರ್ ತೋಳು ಜೋಳಿಗೆಯಲ್ಲಿ ತೂಗಿಸಿಕೊಂಡೇ ಕೂತಳು.

"ಯಾಕೆ ಹೋದೆ?"

"ಕೈ ಮುರಿಯೋಕೆ, ಪೈಪ್ ಹಿಡ್ಕೊಂಡೇ ಹೋದೆ. ಆ ಕೈ ಇನ್ನೊಂದು ಗಾಡಿ ಮುಟ್ಟಬಾರ್ದು ಅಂತ."

"ಮುರಿದೆ. ಆಮೇಲೆ?"

"ಮೇಷ್ಟ್ರು ಕೂಗ್ಲಿಲ್ಲ. ಅವರೇ ಬಟ್ಟೆ ಸುತ್ಕೊಂಡ್ರು. 'ಆಯ್ತಲ್ಲ, ಮನೆಗೆ ಹೋಗಪ್ಪ, ಯಾರಿಗೂ ಹೇಳಲ್ಲ' ಅಂದ್ರು. ಅದು ನೋಡಿ ಇನ್ನೂ ಉರೀತು. ಎದುರಿಗೇ ಕೂತು ಬಾಯಿಗೆ ಬಂದಹಾಗೆ ಬೈದೆ. ಏನಂದ್ರೂ ತಲೆ ತಗ್ಗಿಸಿ ಕೇಳಿದ್ರು."

"ಇಪ್ಪತ್ತು ನಿಮಿಷ?"

"ಗೊತ್ತಿಲ್ಲ. ಕೊನೆಗೆ, 'ಅಳತೆ ಬರೆದೋಳು ನಿನ್ನ ಹೆಂಡತಿ ಅಲ್ವಾ, ಅವಳ ಕೈನೂ ಬಿಡಲ್ಲ' ಅಂದೆ. ಆಗ ಎದ್ರು."

"ಎದ್ದು?"

"ಎಡಗೈಲಿ ಬಾಟಲಿ ತಂದು ಕಾಗದ ಬಿಚ್ಚಿದ್ರು. 'ಇದು ನೀನು ತಂದ ಕ್ಯಾನಿಂದು. ಯಾವ ಬಂಕಿಂದಪ್ಪ?' ಅಂದ್ರು."

ಇನ್ಸ್‌ಪೆಕ್ಟರ್ ನೀರಿನ ಲೋಟ ಮುಂದೆ ಸರಿಸಿದಳು. ಅವನು ಮುಟ್ಟಲಿಲ್ಲ.

"ಬೀದಿ ಮೂಲೆಯ ಬಂಕಿಂದು ಮೇಡಂ. ಹೆದ್ದಾರಿಗೆ ಹೋಗಿದ್ರೆ ತಮ್ಮನ ಸರದಿ ತಪ್ಪಿಹೋಗ್ತಿತ್ತು. ಪೆಟ್ರೋಲ್ ಪೆಟ್ರೋಲೇ ಅಲ್ವಾ ಅಂದ್ಕೊಂಡೆ. ಹೇಳಿದ್ರೆ ಓಡಿಸಲ್ಲ ಅಂತಾನೆ, ಬೇಜಾರು ಮಾಡ್ಕೋತಾನೆ, ಅದಕ್ಕೇ ಹೇಳ್ಲಿಲ್ಲ. ಆಮೇಲೆ ಮೇಷ್ಟ್ರೇ ತನ್ನ ತಪ್ಪು ಅಂದ್ರಲ್ಲ. ನಾನು ನಂಬಿದೆ. ಸತ್ಯವಾಗ್ಲೂ ನಂಬಿದ್ದೆ ಮೇಡಂ."

"ಬಾಯಿಗೇ ಯಾಕೆ ಹೊಡೆದೆ?"

"ಅವರು ಅಳೋಕೆ ಶುರು ಮಾಡಿದ್ರು. 'ಹೇಳಬಾರ್ದು ಅಂತಿದ್ದೆ, ನಿಮ್ಮಮ್ಮನಿಗೆ ಉಳಿದಿರೋನು ನೀನೊಬ್ಬ' ಅಂದ್ರು. ಅಂತಾನೇ ಇದ್ರು, ನಿಲ್ಲಿಸ್ಲಿಲ್ಲ. ನಿಲ್ಲಿಸಬೇಕಿತ್ತು. ಆ ಮಾತು ನಿಲ್ಲಬೇಕಿತ್ತು. ಗೋಡೆಯಿಂದ ಆ ಪಾನಾ ತಗೊಂಡೆ... ಎಷ್ಟು ಹೊಡೆದ್ರೂ ಕೇಳಿಸ್ತಾನೇ ಇತ್ತು. ಬಾಟಲಿ ಒಡೆದು, ಗೂಡಲ್ಲಿ ಇನ್ನೊಂದಿದೆಯಾ ಅಂತ ಕೈಯಾಡಿಸಿದೆ, ಆಗ್ಲೂ ಕೇಳಿಸ್ತಿತ್ತು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಎದುರಿಗೆ ಕೂತವನ ಮೇಲೆ ಇನ್ಸ್‌ಪೆಕ್ಟರಿಗೆ ಸಿಟ್ಟೂ ಇತ್ತು, ಮರುಕವೂ ಇತ್ತು. ಎರಡರಲ್ಲಿ ಯಾವುದೂ ಇನ್ನೊಂದನ್ನು ಗೆಲ್ಲಲಿಲ್ಲ.

"ಒಂದು ಮಾತು ಮೇಡಂ," ಎಂದ ಅವನು. "ಆವತ್ತು ನಾನು ಹೇಳಿದ್ದಿದ್ರೆ ಏನಾಗ್ತಿತ್ತು?"

ಅವಳು ಸುಳ್ಳು ಹೇಳಬಹುದಿತ್ತು. ಮೇಷ್ಟ್ರು ಮೂರು ತಿಂಗಳು ಅದನ್ನೇ ಮಾಡಿದ್ದರು.

"ನಿನ್ನ ತಮ್ಮ ಸ್ವಿಚ್ ಎರಡರಿಂದ ಒಂದಕ್ಕೆ ತಿರುಗಿಸ್ತಿದ್ದ. ಸೋಲ್ತಿದ್ದ. ನಿನ್ನ ಬೈಕೊಂಡು ಮನೆಗೆ ಬರ್ತಿದ್ದ."

ದೊಡ್ಡವನು ಬೆಂದ ಅಂಗೈ ಎರಡನ್ನೂ ಬಾಯಿಗೆ ಒತ್ತಿ ಹಿಡಿದ. ಆಮೇಲೆ ಕೈ ತೆಗೆದು, "ಅಮ್ಮನಿಗೆ ಸೇಡಿಗೆ ಕೊಂದೆ ಅಂತ ಹೇಳಿ. ಪೆಟ್ರೋಲ್ ವಿಷ್ಯ ಬರೀಬೇಡಿ," ಎಂದ.

"ಬರೀಲೇಬೇಕು. ಅಲ್ಲಿ ಒಬ್ಬಳು ತನ್ನ ಗಂಡ ಕೊಲೆಗಾರ ಅಲ್ಲ ಅನ್ನೋದನ್ನ ಕಾಗದದಲ್ಲಿ ನೋಡೋಕೆ ಕಾಯ್ತಿದ್ದಾಳೆ."

ಏಳು ಗಂಟೆ ಐದು ನಿಮಿಷಕ್ಕೆ ಬಂಧನದ ಪತ್ರ ಸಿದ್ಧವಾಯಿತು. ಅದರ ಒಂದು ಪ್ರತಿ ಮನೆಯವರಿಗೆ ಕೊಡಬೇಕು. ತಾಯಿ ಹೊರಗಿನ ಬೆಂಚಿನ ಮೇಲೆ, ಹೊಲಿಗೆಯ ದಾರ ಸೆರಗಿಗೆ ಅಂಟಿದ್ದ ಹಾಗೇ, ಕೂತಿದ್ದಳು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹಳದಿ ಬಾಟಲಿ, ಮೂಲೆಯ ಬಂಕು, ಸ್ವಿಚ್ಚು, ಮೇಷ್ಟ್ರು ಆ ಮನೆಯ ಬಾಗಿಲಲ್ಲಿ ನಿಂತು ಹೊತ್ತುಕೊಂಡ ತಪ್ಪು. ಅಣ್ಣ ಕೊಂದದ್ದು ಸೇಡಿಗಲ್ಲ, ತಮ್ಮನನ್ನು ಕೊಂದವನು ತಾನೇ ಎಂಬ ಮಾತು ಇನ್ನೊಬ್ಬರ ಬಾಯಲ್ಲಿ ಬದುಕಿರುವುದನ್ನು ತಾಳಲಾರದೆ.

ತಾಯಿ ಕಾಗದ ಮಡಿಸಿದಳು, ಮತ್ತೆ ಬಿಚ್ಚಿದಳು.

"ನಾನು ಅರ್ಧ ಗಂಟೆ ಅಂದೆನಲ್ಲ ಮಧ್ಯಾಹ್ನ," ಎಂದಳು. "ಅದರಿಂದಾನೇ ಗೊತ್ತಾಗಿದ್ದಾ ನಿಮಗೆ?"

"ಹೌದಮ್ಮ," ಎಂದಳು ಇನ್ಸ್‌ಪೆಕ್ಟರ್.